ಗೆರೆಯಾದ ನದಿ, ನೆಲವಾದ ನದಿ: ಕನ್ನಡ ಜಲಪರಿಭಾಷೆಯಲ್ಲಿ ಜಲಾನಯನದ ಕಲ್ಪನೆ

1

ಕನ್ನಡ ನಾಡಿನ ಎಲ್ಲೆಯನ್ನು ಹೇಳುವಾಗ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಎರಡು ನದಿಗಳನ್ನು ಹೆಸರಿಸುತ್ತದೆ. ದಕ್ಷಿಣಕ್ಕೆ ಕಾವೇರಿ, ಉತ್ತರಕ್ಕೆ ಗೋದಾವರಿ. ಈ ಪದ್ಯವನ್ನು ಕುರಿತು ಕನ್ನಡ ವಿದ್ವತ್ತು ನಡೆಸಿರುವ ಚರ್ಚೆ ವಿಪುಲವಾಗಿದೆ. ಆ ಚರ್ಚೆಯ ಬಹುಭಾಗ ನಾಡಿನ ವಿಸ್ತಾರ, ಭಾಷೆಯ ವ್ಯಾಪ್ತಿ, ತಿರುಳ್ಗನ್ನಡದ ನೆಲೆ ಇವುಗಳ ಸುತ್ತ ಸಾಗಿದೆ. ನದಿಯನ್ನು ಒಂದು ಗೆರೆಯೆಂದು ಗ್ರಹಿಸುವ ದೃಷ್ಟಿ ಅಲ್ಲಿ ಕೆಲಸಮಾಡಿದೆ ಎಂಬ ಅಂಶ ಮಾತ್ರ ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಗಡಿ ಹೇಳುವವರಿಗೆ ಇದು ಅನುಕೂಲವಾದ ಗ್ರಹಿಕೆ. ಆದರೆ ನೀರಿನ ದೃಷ್ಟಿಯಿಂದ ನದಿಯು ಗೆರೆಯಲ್ಲ. ಕಾವೇರಿಗೆ ಉತ್ತರದಿಂದ ಹಾರಂಗಿ, ಹೇಮಾವತಿ, ಶಿಂಷಾ, ಅರ್ಕಾವತಿಗಳೂ ದಕ್ಷಿಣದಿಂದ ಲಕ್ಷ್ಮಣತೀರ್ಥ, ಕಬಿನಿ, ಸುವರ್ಣಾವತಿ, ಭವಾನಿ, ಅಮರಾವತಿಗಳೂ ಬಂದು ಕೂಡುತ್ತವೆ. ಈ ಎಲ್ಲ ಹೊಳೆಗಳಿಗೆ ನೀರು ಕೊಡುವ ನೆಲದ ಒಟ್ಟು ವಿಸ್ತೀರ್ಣ 81,155 ಚದರ ಕಿಲೋಮೀಟರು. ಅದರಲ್ಲಿ 34,273 ಚದರ ಕಿ.ಮೀ. ಕರ್ನಾಟಕದಲ್ಲಿಯೂ 43,856 ಚದರ ಕಿ.ಮೀ. ತಮಿಳುನಾಡಿನಲ್ಲಿಯೂ 2,866 ಚದರ ಕಿ.ಮೀ. ಕೇರಳದಲ್ಲಿಯೂ ಉಳಿದ ಸಣ್ಣ ಭಾಗ ಪುದುಚೇರಿಯಲ್ಲಿಯೂ ಇದೆ. ಗಡಿಯಾಗಿ ನಿಂತ ನದಿ ಎರಡು ನೆಲಗಳನ್ನು ಬೇರ್ಪಡಿಸಿದರೆ, ಜಲಾನಯನವಾಗಿ ಹರಡಿದ ನದಿ ಅದೇ ನೆಲಗಳನ್ನು ಒಂದೇ ಬೋಗುಣಿಯೊಳಗೆ ತಂದು ಇಡುತ್ತದೆ.

ಈ ಎರಡು ಗ್ರಹಿಕೆಗಳ ನಡುವಿನ ಅಂತರವನ್ನು ಕನ್ನಡದ ಜಲಸಂಬಂಧಿ ಪದಗಳು, ಶಾಸನಗಳು ಮತ್ತು ಕೆರೆಯ ವ್ಯವಸ್ಥೆಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಶಾಲೆಯ ಪಾಠಗಳಲ್ಲಿ ನದಿಯೆಂದರೆ ಇಂದಿಗೂ ಒಂದು ಹುಟ್ಟು, ಒಂದು ಹರಿವು, ಒಂದು ಸಂಗಮ. ಕಾವೇರಿಯು ತಲಕಾವೇರಿಯಲ್ಲಿ ಹುಟ್ಟುತ್ತದೆ ಎಂದು ಕಲಿತ ವಿದ್ಯಾರ್ಥಿಗೆ, ಕಬಿನಿ ಜಲಾಶಯ ತುಂಬುವುದು ಬಹುಮಟ್ಟಿಗೆ ಕೇರಳದ ವಯನಾಡಿನ ಮಳೆಯಿಂದ ಎಂಬುದನ್ನು ಬೇರೆಯಾಗಿ ಹೇಳಬೇಕಾಗುತ್ತದೆ. ತೀರ್ಥದ ಭಾಷೆಯಲ್ಲಿ ಮೂಲವು ಒಂದೇ, ಜಲಶಾಸ್ತ್ರದ ಭಾಷೆಯಲ್ಲಿ ಮೂಲಗಳು ಅಸಂಖ್ಯ. ಇವೆರಡೂ ಒಟ್ಟಿಗೆ ಇರಬಾರದೆಂದೇನೂ ಇಲ್ಲ. ಆದರೆ ಒಂದನ್ನೇ ಕಲಿಸಿ ಇನ್ನೊಂದನ್ನು ಬಿಟ್ಟಾಗ ನೀರಿನ ಹಂಚಿಕೆಯ ಪ್ರಶ್ನೆ ಎದುರಾದ ದಿನ ಮಾತು ಸೋಲುತ್ತದೆ.

2

‘ಜಲಾನಯನ’ ಎಂಬ ಪದ ಕನ್ನಡದಲ್ಲಿ ಈಚಿನದು. ಕನಕಪುರ ಸೀಮೆಯ ಕಬ್ಬಾಳನಾಲೆಯಲ್ಲಿ 1984ರಲ್ಲಿ ಆರಂಭವಾದಂಥ ಪ್ರಾಯೋಗಿಕ ಯೋಜನೆಗಳು, 2000ದಲ್ಲಿ ರೂಪುಗೊಂಡ ರಾಜ್ಯದ ಜಲಾನಯನ ಅಭಿವೃದ್ಧಿ ಇಲಾಖೆ, ಅನಂತರದ ‘ಸುಜಲ’ ಯೋಜನೆ ಇವುಗಳ ಕಡತಗಳಿಂದ ಅದು ಹಳ್ಳಿಯ ಮಾತಿಗೆ ಇಳಿಯಿತು. ಪದವನ್ನು ‘ಜಲ’ ಮತ್ತು ‘ನಯನ’ ಎಂದು ಒಡೆದು ನೀರಿನ ಕಣ್ಣು ಎಂದು ಅರ್ಥೈಸುವುದು ಸರಿಯಲ್ಲ. ಅದು ‘ಜಲ’ ಮತ್ತು ‘ಆನಯನ’ಗಳ ಸವರ್ಣದೀರ್ಘ ಸಂಧಿ. ಆನಯನ ಎಂದರೆ ತರುವುದು, ಕರೆದುತರುವುದು. ನೀರನ್ನು ಕರೆದುತರುವ ನೆಲ ಎಂಬುದು ಪದದ ಭಾವ. ಅಧಿಕಾರಿಗಳ ಮೇಜಿನ ಮೇಲೆ ಹುಟ್ಟಿದ ಪದಗಳಲ್ಲಿ ಇಷ್ಟು ಅರ್ಥವತ್ತಾದವು ವಿರಳ. ಮುಂಗಾರಿನ ತಿಂಗಳುಗಳಲ್ಲಿ ಪತ್ರಿಕೆಗಳು ‘ಜಲಾನಯನ ಪ್ರದೇಶದಲ್ಲಿ ಉತ್ತಮ ಮಳೆ’ ಎಂದು ಬರೆದು, ಅದರ ಪಕ್ಕದಲ್ಲಿಯೇ ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು ಎಂದು ಕೊಡುವ ಪರಿಪಾಠದಿಂದ ಈ ಪದಕ್ಕೆ ಜನಬಳಕೆಯೂ ದೊರೆತಿದೆ. ಇದಕ್ಕೆ ಹತ್ತಿರದ ‘ಕೊಳ್ಳ’, ‘ಕಣಿವೆ’ಗಳು ನದಿಯ ಒಟ್ಟು ಪ್ರದೇಶವನ್ನು ಹೇಳುವಾಗ ಬಳಕೆಯಾಗುತ್ತವೆ. ಮೂಲತಃ ಅವು ತಗ್ಗನ್ನು ಸೂಚಿಸುವ ಪದಗಳೇ ಹೊರತು ನೀರು ಇಳಿದುಬರುವ ದಿಬ್ಬವನ್ನಲ್ಲ.

ಇದಕ್ಕೆ ಪ್ರತಿಯಾಗಿ ಕೆರೆಯ ಕೆಳಗಿನ ನೆಲಕ್ಕೆ ಕನ್ನಡದಲ್ಲಿ ಗಟ್ಟಿಯಾದ, ಹಳೆಯ ಪದವಿದೆ: ಅಚ್ಚುಕಟ್ಟು. ಅದೇ ಪದ ಓರಣ, ಕ್ರಮಬದ್ಧತೆ ಎಂಬ ಅರ್ಥವನ್ನೂ ಪಡೆದಿರುವುದು ಆಕಸ್ಮಿಕವಿರಲಾರದು. ಮಡಿಗಳಾಗಿ ವಿಂಗಡಗೊಂಡು, ಕಾಲುವೆಗಳಿಂದ ಹೊಲಿದಂತಿರುವ ಗದ್ದೆಬಯಲೇ ಅಚ್ಚುಕಟ್ಟಿನ ಮಾದರಿ. ಶಾಸನಗಳಲ್ಲಿ ದಾನಭೂಮಿಯನ್ನು ಹೇಳುವ ಸಾಮಾನ್ಯ ಕ್ರಮ ‘ಕೆರೆಯ ಕೆಳಗೆ ಗದ್ದೆ’ ಎಂಬುದು. ಅದರ ಮುಂದೆ ಮತ್ತರು, ಕಂಬ, ಸಲಗೆ, ಕೊಳಗ ಮೊದಲಾದ ಅಳತೆಗಳು, ನಾಲ್ಕು ದಿಕ್ಕಿನ ಮೇರೆಗಳು ಬರುತ್ತವೆ. ಕೆರೆಗೆ ಸಂಬಂಧಿಸಿದ ಕೊಡುಗೆಗಳಿಗೂ ನಿರ್ದಿಷ್ಟ ಹೆಸರುಗಳಿವೆ. ಬಿತ್ತುವಟ್ಟ, ಕಟ್ಟುಗೊಡಗೆ, ಕೆರೆಗೊಡಗೆ, ದಸವಂದ ಇವುಗಳ ಅರ್ಥವ್ಯಾಪ್ತಿಯನ್ನು ಕುರಿತು ಶಾಸನತಜ್ಞರಲ್ಲಿ ಸೂಕ್ಷ್ಮ ಭೇದಗಳಿದ್ದರೂ, ಕೆರೆ ಕಟ್ಟಿದವರಿಗೆ ಅಥವಾ ಅದನ್ನು ಕಾಪಾಡುವವರಿಗೆ ಅದರ ಫಲದಲ್ಲಿ ಒಂದು ಪಾಲು ಎಂಬ ತತ್ತ್ವ ಎಲ್ಲದರಲ್ಲಿಯೂ ಸಮಾನವಾಗಿದೆ. ಏರಿ, ತೂಬು, ಕೋಡಿ, ಕಾಲುವೆ, ಅಂಗಳ ಇವೆಲ್ಲಕ್ಕೂ ಹೆಸರುಂಟು. ಏರಿಯಿಂದ ಮೇಲಕ್ಕೆ, ಮಳೆ ಬಿದ್ದು ಹರಿದುಬರುವ ಬೋರೆ, ಬೀಳು, ಕಾಡು, ಗುಡ್ಡಗಳನ್ನು ಒಟ್ಟಾಗಿ ಹಿಡಿಯುವ ಪದ ಮಾತ್ರ ಈ ಸಾಲಿನಲ್ಲಿ ಸುಲಭವಾಗಿ ಎದುರಾಗುವುದಿಲ್ಲ.

ಈ ಕೊರತೆಯಿಂದ, ಮೇಲ್ನೆಲದ ಪ್ರಾಮುಖ್ಯ ಪೂರ್ವಿಕರಿಗೆ ತಿಳಿದಿರಲಿಲ್ಲವೆಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಶಾಸನವು ಹಕ್ಕಿನ ದಾಖಲೆ. ಯಾವ ನೆಲದ ಮೇಲೆ ತೆರಿಗೆಯೂ ದಾನವೂ ವ್ಯಾಜ್ಯವೂ ಹುಟ್ಟುತ್ತವೆಯೋ ಆ ನೆಲ ಅಲ್ಲಿ ಹೆಸರು ಪಡೆಯುತ್ತದೆ. ನೀರನ್ನು ಕರೆದುತರುವ ನೆಲ ಬೆಳೆ ಕೊಡುವ ನೆಲವಲ್ಲವಾದ್ದರಿಂದ ಅದು ಲೆಕ್ಕದ ಹೊರಗೆ ಉಳಿಯಿತು. ಆಧುನಿಕ ಕಾಲದಲ್ಲಿಯೂ ಏರಿಯ ಮೇಲಿನ ನೆಲಕ್ಕೆ ಹೆಸರು ಬಂದದ್ದು ಅದು ಮುಳುಗಿದಾಗ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ಹಿಂದೆ ಶರಾವತಿ ಹರಡಿಕೊಂಡ ಮೇಲೆ ‘ಹಿನ್ನೀರು’, ‘ಮುಳುಗಡೆ’ ಎಂಬ ಪದಗಳಿಗೆ ಮಲೆನಾಡಿನಲ್ಲಿ ಬಂದ ಭಾರವನ್ನು ನಾ. ಡಿಸೋಜ ಅವರ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳು ದಾಖಲಿಸಿವೆ.

3

ಪದವಿಲ್ಲದಿದ್ದರೂ ಪರಿಕಲ್ಪನೆಯಿತ್ತೆಂಬುದಕ್ಕೆ ಬಲವಾದ ಆಧಾರ ದೊರೆಯುವುದು ಕಡಪ ಜಿಲ್ಲೆಯ ಪೋರುಮಾಮಿಳ್ಳದ ಶಾಸನದಲ್ಲಿ. ಕ್ರಿ.ಶ. 1369ರ ಈ ಸಂಸ್ಕೃತ ಶಾಸನ ವಿಜಯನಗರದ ಮೊದಲನೆಯ ಬುಕ್ಕರಾಯನ ಮಗ ಭಾಸ್ಕರ ಭವದೂರನು ಕಟ್ಟಿಸಿದ ಅನಂತರಾಜಸಾಗರವೆಂಬ ಕೆರೆಗೆ ಸಂಬಂಧಿಸಿದ್ದು. ದಿನವೂ ಸಾವಿರ ಆಳುಗಳು, ಕಲ್ಲು ಸಾಗಿಸಲು ನೂರು ಬಂಡಿಗಳು, ಎರಡು ವರ್ಷಗಳ ದುಡಿಮೆ ಎಂಬ ವಿವರಗಳು ಅದರಲ್ಲಿವೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಬಾರದಿರಬೇಕಾದ ಆರು ದೋಷಗಳನ್ನೂ ಅದು ಪಟ್ಟಿ ಮಾಡುತ್ತದೆ. ಧರ್ಮಿಷ್ಠನಾದ ದೊರೆ, ಜಲಶಾಸ್ತ್ರ ಬಲ್ಲ ವಿದ್ವಾಂಸ, ಗಟ್ಟಿಯಾದ ನೆಲ ಇವುಗಳ ಜೊತೆಗೆ ಸಿಹಿನೀರಿನ ನದಿಯೊಂದು ಮೂರು ಯೋಜನ ಉದ್ದವಿರಬೇಕೆಂಬ ನಿಯಮವೂ ಅಲ್ಲಿದೆ. ಕೆರೆಗೆ ಬರುವ ನೀರು ಎಷ್ಟು ದೂರದಿಂದ ಇಳಿದುಬರಬೇಕೆಂಬುದನ್ನು ಇದು ಅಳತೆಗೆ ಒಳಪಡಿಸುತ್ತದೆ.

ಆರು ದೋಷಗಳು ಇನ್ನೂ ಕುತೂಹಲಕರವಾಗಿವೆ. ಏರಿಯಲ್ಲಿ ನೀರು ಜಿನುಗುವುದು, ಸವುಳು ನೆಲ, ಕೆರೆಯಂಗಳದ ನಡುವೆ ಉಬ್ಬು ಎಂಬ ಮೂರು ಸ್ಥಳಕ್ಕೆ ಸಂಬಂಧಿಸಿದವು. ನೀರು ಕಡಿಮೆ ನೆಲ ಹೆಚ್ಚು, ನೆಲ ಕಡಿಮೆ ನೀರು ಹೆಚ್ಚು ಎಂಬ ಎರಡು ಜಲಾನಯನಕ್ಕೂ ಅಚ್ಚುಕಟ್ಟಿಗೂ ಇರಬೇಕಾದ ಪ್ರಮಾಣವನ್ನು ಕುರಿತವು. ಉಳಿದ ಒಂದು ದೋಷ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು. ಮಣ್ಣಿನ ದೋಷಗಳ ನಡುವೆ ರಾಜಕೀಯ ದೋಷವೊಂದನ್ನು ಸಮಾನವಾಗಿ ಇಟ್ಟಿರುವ ಈ ಪಟ್ಟಿ ಹದಿನಾಲ್ಕನೆಯ ಶತಮಾನದ್ದು ಎಂಬುದನ್ನು ನೆನಪಿನಲ್ಲಿಡಬೇಕು.

ಈ ಹಿನ್ನೆಲೆಯಲ್ಲಿ ‘ಕೆರೆಗೆ ಹಾರ’ ಕಥನಗೀತೆಯನ್ನು ಮತ್ತೊಮ್ಮೆ ಗಮನಿಸಬಹುದು. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರುವುದಿಲ್ಲ, ಕಿರಿಯ ಸೊಸೆ ಭಾಗೀರಥಿ ಆಹುತಿಯಾಗುತ್ತಾಳೆ. ಈ ಗೀತೆಯನ್ನು ತ್ಯಾಗದ ಆದರ್ಶವೆಂದೂ ಸ್ತ್ರೀಶೋಷಣೆಯ ಚಿತ್ರವೆಂದೂ ವಿಮರ್ಶೆ ಓದಿದೆ. ಪೋರುಮಾಮಿಳ್ಳದ ಪಟ್ಟಿಯನ್ನು ಪಕ್ಕದಲ್ಲಿಟ್ಟರೆ ಮೂರನೆಯ ಓದೊಂದು ಸಾಧ್ಯ. ಕಟ್ಟಿದ ಕೆರೆಗೆ ನೀರು ಬಾರದಿರುವುದು ಒಂದು ಲೆಕ್ಕದ ತಪ್ಪು, ಮೇಲ್ನೆಲವನ್ನು ಅಳೆಯದೆ ಏರಿ ಹಾಕಿದ ತಪ್ಪು. ಆ ತಪ್ಪು ಮಾಡಿದವನು ಊರಗೌಡ. ಬೆಲೆ ತೆತ್ತವಳು ಆ ಮನೆಯಲ್ಲಿ ಅತ್ಯಂತ ಕಡಿಮೆ ಹಕ್ಕುಳ್ಳವಳು. ನೀರು ಎಲ್ಲರದೆಂದು ಹೇಳುವ ವ್ಯವಸ್ಥೆಯಲ್ಲಿ ಅದರ ವೆಚ್ಚ ಎಲ್ಲರದಾಗಿರುವುದಿಲ್ಲ ಎಂಬ ಅರಿವು ಗೀತೆಯ ಒಡಲಿನಲ್ಲಿದೆ.

4

ಮೈಸೂರು ಪ್ರಸ್ಥಭೂಮಿಯ ಕೆರೆಗಳು ಒಂಟಿಯಾಗಿಲ್ಲ. 1866ರಲ್ಲಿ ಮೈಸೂರಿನ ಎಂಜಿನಿಯರಾಗಿದ್ದ ಮೇಜರ್ ಸ್ಯಾಂಕಿ, ರಾಜ್ಯದ ಒಟ್ಟು ನೆಲದಲ್ಲಿ ಸುಮಾರು ಶೇಕಡ 60ರಷ್ಟು ಜನರ ತಾಳ್ಮೆಯ ದುಡಿಮೆಯಿಂದ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆಯೆಂದು ಗುರುತಿಸಿದ್ದನು. ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಯ ಒಳಹರಿವು, ಅದರ ಕೋಡಿ ಮತ್ತೊಂದರ ಒಳಹರಿವು. ಹೀಗೆ ಸಾಲುಗಟ್ಟಿದ ಕೆರೆಗಳು ಕೊನೆಗೆ ಹೊಳೆಯನ್ನು ತಲುಪುತ್ತವೆ. ಇಂಥ ಸಾಲುಗಳು ಅತ್ಯಂತ ದಟ್ಟವಾಗಿರುವುದು ಪಾಲಾರ್ ಮತ್ತು ದಕ್ಷಿಣ ಪಿನಾಕಿನಿಗಳ ಮೇಲ್ಭಾಗವಾದ ಕೋಲಾರ ಸೀಮೆಯಲ್ಲಿ.

ಈ ಸಾಲಿನ ಕೀಲಿಕೈ ಕೋಡಿ. ಹೆಚ್ಚಾದ ನೀರು ಹೊರಹೋಗುವ ಜಾಗವೆಂದಷ್ಟೇ ನಿಘಂಟುಗಳು ಇದನ್ನು ಅರ್ಥೈಸುತ್ತವೆ. ಆದರೆ ಕೋಡಿಯ ಎತ್ತರ ನಿರ್ಧರಿಸುವುದು ಮೂವರ ಹಕ್ಕನ್ನು. ಕೋಡಿಯನ್ನು ಒಂದು ಮೊಳ ಏರಿಸಿದರೆ ಆ ಊರಿನ ಕೆರೆ ಹೆಚ್ಚು ತುಂಬುತ್ತದೆ, ಕೆರೆಯ ಹಿಂದಣ ಹೊಲಗಳು ಮುಳುಗುತ್ತವೆ, ಕೆಳಗಿನ ಊರಿನ ಕೆರೆಗೆ ನೀರು ತಡವಾಗಿ ಬರುತ್ತದೆ ಅಥವಾ ಬರುವುದೇ ಇಲ್ಲ. ತಗ್ಗಿಸಿದರೆ ಇದರ ವಿಪರ್ಯಯ. ಆದ್ದರಿಂದ ಕೋಡಿಯ ಕಲ್ಲು ಒಂದು ಊರಿನದಲ್ಲ, ಊರುಗಳ ನಡುವಿನ ಒಪ್ಪಂದ. ರಾತ್ರೋರಾತ್ರಿ ಕೋಡಿಗೆ ಮಣ್ಣುಮೂಟೆ ಜೋಡಿಸುವುದೂ ಕೆಳಗಿನವರು ಬಂದು ಕಿತ್ತುಹಾಕುವುದೂ ಬಯಲುಸೀಮೆಯ ಹಳ್ಳಿಗಳಲ್ಲಿ ಪರಿಚಿತವಾದ ಜಗಳ. ಕೆರೆ ಕೋಡಿ ಬಿದ್ದಾಗ ಬಾಗಿನ ಅರ್ಪಿಸಿ ಗಂಗೆಪೂಜೆ ಮಾಡುವ ಆಚರಣೆಯನ್ನು ಸಮೃದ್ಧಿಯ ಸಂಭ್ರಮವೆಂದು ಜಾನಪದ ವಿದ್ವಾಂಸರು ವಿವರಿಸುತ್ತಾರೆ. ಇನ್ನು ಮುಂದಿನ ನೀರು ಕೆಳಗಿನವರದು ಎಂದು ಸಾರುವ ಗಳಿಗೆಯಾಗಿಯೂ ಅದನ್ನು ಗ್ರಹಿಸಬಹುದು.

ಒಂದೇ ಅಚ್ಚುಕಟ್ಟಿನೊಳಗೆ ನೀರನ್ನು ಹಂಚುವವನು ನೀರುಗಂಟಿ. ತೂಬನ್ನು ಎತ್ತುವ, ಇಳಿಸುವ, ಸರದಿಯ ಪ್ರಕಾರ ಮಡಿಗಳಿಗೆ ನೀರು ಹಾಯಿಸುವ ಕೆಲಸ ಅವನದು. ಮಳೆ ಕೈಕೊಟ್ಟ ವರ್ಷ ಕೋಲಾರ ಸೀಮೆಯಲ್ಲಿ ‘ದಾಮಾಷ’ ಪದ್ಧತಿ ಜಾರಿಗೆ ಬರುತ್ತಿತ್ತು. ಕೆರೆಯಲ್ಲಿ ಇರುವಷ್ಟು ನೀರಿಗೆ ಎಷ್ಟು ಗದ್ದೆ ಬೆಳೆಯಬಹುದೆಂದು ಅಂದಾಜು ಮಾಡಿ, ತೂಬಿಗೆ ಹತ್ತಿರದ ಅಷ್ಟೇ ನೆಲವನ್ನು ಆಯ್ದು, ಎಲ್ಲ ಹಿಡುವಳಿದಾರರಿಗೂ ಅವರವರ ಹಿಡುವಳಿಯ ಪ್ರಮಾಣಕ್ಕೆ ತಕ್ಕಂತೆ ಆ ವರ್ಷದ ಮಟ್ಟಿಗೆ ತುಂಡು ನೆಲವನ್ನು ಕೊಡುವುದು ಇದರ ಕ್ರಮ. ತೂಬಿನ ಬಳಿ ಗದ್ದೆಯುಳ್ಳವನು ತನ್ನ ನೆಲವನ್ನು ಆ ವರ್ಷ ಇತರರಿಗೆ ಬಿಟ್ಟುಕೊಡಬೇಕು. ಕಾಲುವೆಯ ತುದಿಯವನೂ ಪಾಲಿಗೆ ಹೊರಗಲ್ಲ. ನೀರನ್ನು ನೆಲದವರೆಗೆ ಒಯ್ಯುವ ಬದಲು ನೆಲವನ್ನೇ ನೀರಿನ ಬಳಿಗೆ ತಂದ ಈ ಏರ್ಪಾಟು, ಕೊರತೆಯನ್ನು ಹಂಚಿಕೊಳ್ಳುವ ವಿಧಾನವಾಗಿ ಇಂದಿನ ಯಾವ ಸಂಕಟಸೂತ್ರಕ್ಕೂ ಕಡಿಮೆಯದಲ್ಲ. ಪದವಂತೂ ಈಗ ಹಿರಿಯರ ಬಾಯಲ್ಲಿ ಮಾತ್ರ ಉಳಿದಿದೆ. ಕೊಳವೆಬಾವಿ ಬಂದ ಮೇಲೆ ತೂಬಿನ ಹತ್ತಿರ, ತೂಬಿನ ದೂರ ಎಂಬ ಭೇದವೇ ಅರ್ಥ ಕಳೆದುಕೊಂಡಿತು.

ಆದರೂ ಈ ವ್ಯವಸ್ಥೆಯನ್ನು ಆದರ್ಶವಾಗಿ ಚಿತ್ರಿಸುವ ಪ್ರವೃತ್ತಿಯ ಬಗ್ಗೆ ಎಚ್ಚರ ಅಗತ್ಯ. ಪಾಲು ಇದ್ದದ್ದು ನೆಲವಿದ್ದವರಿಗೆ. ನೀರು ಹಂಚುವ ನೀರುಗಂಟಿ ಅನೇಕ ಊರುಗಳಲ್ಲಿ ದಲಿತ ಸಮುದಾಯದವನು. ತೂಬನ್ನು ಎತ್ತುವ ಅವನ ಕೈಯನ್ನು ಒಪ್ಪಿಕೊಂಡ ಊರು, ಊರಬಾವಿಯ ಹಗ್ಗವನ್ನು ಅದೇ ಕೈ ಮುಟ್ಟುವುದನ್ನು ಒಪ್ಪುತ್ತಿರಲಿಲ್ಲ. 1927ರ ಮಾರ್ಚಿಯಲ್ಲಿ ಡಾ. ಅಂಬೇಡ್ಕರ್ ಅವರು ಮಹಾಡದ ಚವದಾರ್ ಕೆರೆಯ ನೀರನ್ನು ಕುಡಿದು ಎತ್ತಿದ ಪ್ರಶ್ನೆ ‘ಸಾರ್ವಜನಿಕ’ ಎಂಬ ಪದದ ಅರ್ಥವನ್ನೇ ಕುರಿತದ್ದು. ಕನ್ನಡದ ಕೆರೆ ಅಧ್ಯಯನಗಳು ಈ ಪ್ರಶ್ನೆಯನ್ನು ಅಡಿಟಿಪ್ಪಣಿಗೆ ಸೀಮಿತಗೊಳಿಸಿದ್ದೇ ಹೆಚ್ಚು.

5

ಪೋರುಮಾಮಿಳ್ಳದ ಶಾಸನ ಹೇಳಿದ ಗಡಿಯ ದೋಷ ಐನೂರು ವರ್ಷಗಳ ನಂತರ ಬೇರೊಂದು ರೂಪದಲ್ಲಿ ಬಂದಿತು. 1892ರ ಫೆಬ್ರವರಿಯಲ್ಲಿ ಮೈಸೂರು ಸಂಸ್ಥಾನಕ್ಕೂ ಮದರಾಸು ಸರ್ಕಾರಕ್ಕೂ ಆದ ಒಪ್ಪಂದದ ಪ್ರಕಾರ, ಪಟ್ಟಿಯಲ್ಲಿ ಹೆಸರಿಸಿದ 15 ಮುಖ್ಯ ನದಿಗಳ ಮೇಲೆ ಮದರಾಸಿನ ಪೂರ್ವಾನುಮತಿಯಿಲ್ಲದೆ ಮೈಸೂರು ಹೊಸ ನೀರಾವರಿ ಜಲಾಶಯ ಕಟ್ಟುವಂತಿರಲಿಲ್ಲ. ಕೆಳಗಿನವರು ಈಗಾಗಲೇ ಅನುಭವದಿಂದ ಪಡೆದ ಹಕ್ಕನ್ನು ಕಾಪಾಡುವುದು ಇದರ ನ್ಯಾಯ. ಕೋಡಿಯ ಎತ್ತರದ ಬಗ್ಗೆ ಎರಡು ಊರುಗಳ ನಡುವೆ ಇದ್ದ ಮಾತು ಈಗ ಎರಡು ಸರ್ಕಾರಗಳ ನಡುವಿನ ಪತ್ರವಾಯಿತು. ಭೇದವೊಂದಿದೆ: ಊರುಗಳ ನಡುವಿನ ವ್ಯಾಜ್ಯದಲ್ಲಿ ಇಬ್ಬರೂ ಒಂದೇ ಕೋಡಿಯ ಮೇಲೆ ನಿಂತು ನೀರನ್ನು ಕಣ್ಣಿಂದ ನೋಡಬಹುದಾಗಿತ್ತು. 1924ರ ಒಪ್ಪಂದ ಕೃಷ್ಣರಾಜಸಾಗರ ಮತ್ತು ಮೆಟ್ಟೂರು ಜಲಾಶಯಗಳಿಗೆ ದಾರಿಮಾಡಿತು. ಅದರ ಕೆಲವು ಅಂಶಗಳು 50 ವರ್ಷಗಳ ನಂತರ, 1974ರಲ್ಲಿ, ಮರುಪರಿಶೀಲನೆಗೆ ಬರಬೇಕಿತ್ತು. ವಿವಾದ ಅಲ್ಲಿಂದ ಬೆಳೆದು 1990ರ ಜೂನ್‌ನಲ್ಲಿ ನ್ಯಾಯಮಂಡಳಿಯ ರಚನೆಗೂ 2007ರ ಫೆಬ್ರವರಿಯಲ್ಲಿ ಅಂತಿಮ ತೀರ್ಪಿಗೂ ಬಂದು ನಿಂತಿತು. ಒಟ್ಟು 740 ಟಿಎಂಸಿ ಅಡಿ ನೀರಿನಲ್ಲಿ ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7, ಪರಿಸರ ರಕ್ಷಣೆಗೆ 10, ಅನಿವಾರ್ಯವಾಗಿ ಕಡಲು ಸೇರುವ ನೀರಿಗೆ 4 ಎಂದು ಹಂಚಿಕೆಯಾಯಿತು. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯ ಕರ್ನಾಟಕದ ಪಾಲನ್ನು 284.75ಕ್ಕೆ ಏರಿಸಿ ತಮಿಳುನಾಡಿನ ಪಾಲನ್ನು 404.25ಕ್ಕೆ ಇಳಿಸಿತು. ಅಂತರರಾಜ್ಯ ನದಿಯು ರಾಷ್ಟ್ರದ ಆಸ್ತಿ, ಯಾವ ರಾಜ್ಯವೂ ಅದರ ಒಡೆತನವನ್ನು ಸಾರುವಂತಿಲ್ಲ ಎಂಬುದು ಆ ತೀರ್ಪಿನ ನೆಲೆಗಟ್ಟು.

ಹೆಚ್ಚುವರಿ 14.75 ಟಿಎಂಸಿಯಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ. ಜಲಾನಯನ ಎಂಬ ಪದ ಎಷ್ಟು ಹರಿತವೆಂಬುದು ಇಲ್ಲಿ ಕಾಣುತ್ತದೆ. ಬೆಂಗಳೂರು ನಗರ ಒಂದು ನೀರ್ದಿಣ್ಣೆಯ ಮೇಲೆ ಕುಳಿತಿದೆ. ಅದರ ಪಶ್ಚಿಮದ ಮಳೆನೀರು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ ಇಳಿದರೆ, ಪೂರ್ವದ ನೀರು ಬೆಳ್ಳಂದೂರು, ವರ್ತೂರು ಕೆರೆಗಳ ಸಾಲಿನಿಂದ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ನಗರದ ಮೂರನೆಯ ಒಂದು ಭಾಗ ಮಾತ್ರ ಕಾವೇರಿಯ ಕೊಳ್ಳದಲ್ಲಿದೆ ಎಂಬ ಕಾರಣದಿಂದ ನ್ಯಾಯಮಂಡಳಿ ಕುಡಿಯುವ ನೀರಿನ ಲೆಕ್ಕವನ್ನು ಆ ಭಾಗಕ್ಕೆ ಸೀಮಿತಗೊಳಿಸಿತ್ತು. ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಒಂದೇ ಬೀದಿಯ ಈ ಬದಿಯ ಮನೆಗೆ ಕಾವೇರಿಯ ಹಕ್ಕಿದ್ದು ಆ ಬದಿಯ ಮನೆಗೆ ಇಲ್ಲವೆನ್ನುವುದು ಮನುಷ್ಯರ ದೃಷ್ಟಿಯಿಂದ ಅಸಂಗತ. ಮಳೆಹನಿಯ ದೃಷ್ಟಿಯಿಂದ ಅದು ಅಕ್ಷರಶಃ ನಿಜ.

6

ಈ ನೀರ್ದಿಣ್ಣೆಯನ್ನು ನಗರವು ಯಂತ್ರಬಲದಿಂದ ದಾಟಿದೆ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರು ದೂರ, ಸುಮಾರು ಅರ್ಧ ಕಿಲೋಮೀಟರು ಎತ್ತರಕ್ಕೆ ಕಾವೇರಿಯ ನೀರನ್ನು ಎತ್ತಿ ತರಲಾಗುತ್ತಿದೆ. 1974ರಲ್ಲಿ ಮೊದಲನೆಯ ಹಂತ, 2024ರ ಅಕ್ಟೋಬರ್‌ನಲ್ಲಿ ಐದನೆಯ ಹಂತ ಆರಂಭವಾದವು. ಬಳಸಿದ ನೀರಿನಲ್ಲಿ ಬಹುಪಾಲು ಪೂರ್ವದ ಇಳಿಜಾರಿನಲ್ಲಿ ಹರಿದು, ಕಾವೇರಿಯ ನೀರು ಕಾವೇರಿಗೆ ಮರಳದೆ ಬೇರೊಂದು ಕೊಳ್ಳವನ್ನು ಸೇರುತ್ತದೆ. 2018ರ ಜೂನ್‌ನಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರನ್ನು ಕೋಲಾರ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಹರಿಸಿದಾಗ ಈ ಪಯಣ ಮತ್ತೊಂದು ಮಜಲನ್ನು ಮುಟ್ಟಿತು. ಅಲ್ಲಿಂದ ಮುಂದಕ್ಕೆ ನೀರನ್ನು ಒಯ್ಯುವುದು ಬಹುಮಟ್ಟಿಗೆ ಹಳೆಯ ಕೋಡಿಗಳು ಮತ್ತು ಕಾಲುವೆಗಳೇ. ಆಧುನಿಕ ಯೋಜನೆಯೊಂದು ಪ್ರಾಚೀನ ಕೆರೆಸಾಲನ್ನು ಕೊಳವೆಯ ಬದಲಿಗೆ ಬಳಸಿಕೊಂಡಿತು. ಕೆಲವೇ ವಾರಗಳಲ್ಲಿ ಕೆರೆಯಲ್ಲಿ ನೊರೆ ಕಾಣಿಸಿಕೊಂಡು, ಎರಡನೆಯ ಹಂತದವರೆಗೆ ಮಾತ್ರ ಶುದ್ಧೀಕರಿಸಿದ ನೀರು ಸಾಕೇ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ಕೊಳವೆಬಾವಿಗಳಲ್ಲಿ ನೀರು ಏರಿತೆಂದು ಸಂತೋಷಪಟ್ಟವರೂ ಆ ನೀರಿನ ಗುಣದ ಬಗ್ಗೆ ಆತಂಕಗೊಂಡವರೂ ಅನೇಕ ವೇಳೆ ಒಂದೇ ಊರಿನವರು. ಸಾಲಿನ ಮೊದಲ ಕೆರೆಯಲ್ಲಿ ಸೇರಿದ್ದು ಕೋಡಿಯ ಮೂಲಕ ಕೊನೆಯ ಕೆರೆಯನ್ನೂ ತಲುಪುತ್ತದೆಯಾದ್ದರಿಂದ, ಮೇಲಿನವರ ಹೊಣೆ ಈಗ ನೀರಿನ ಪ್ರಮಾಣಕ್ಕೆ ಮಾತ್ರ ಸಂಬಂಧಿಸಿದ್ದಲ್ಲ.

ಪಾಲಾರ್ ನದಿ ಕರ್ನಾಟಕದಲ್ಲಿ 93, ಆಂಧ್ರದಲ್ಲಿ 33, ತಮಿಳುನಾಡಿನಲ್ಲಿ 222 ಕಿಲೋಮೀಟರು ಹರಿಯುತ್ತದೆ. ಅದರ ದಾರಿಯಲ್ಲಿರುವ ಬೇತಮಂಗಲದ ದೊಡ್ಡ ಕೆರೆ, ಶಾಸನಗಳ ವಿಜಯಾದಿತ್ಯಮಂಗಲದ್ದು, ಒಂದು ಕಾಲದಲ್ಲಿ ಚಿನ್ನದ ಗಣಿಗಳ ಊರಿಗೆ ನೀರುಣಿಸಿತ್ತು. ಈ ಸೀಮೆಯ ಜಲಪದಗಳನ್ನು ಊರೂರು ತಿರುಗಿ ಸಂಗ್ರಹಿಸುವ ಕಾರ್ಯ ಕನ್ನಡ ವಿಭಾಗಗಳ ಕ್ಷೇತ್ರಾಧ್ಯಯನಕ್ಕೆ ಸೇರಬೇಕಾದದ್ದು. ಕೋಡಿಹಳ್ಳಿ, ಕೆರೆಕೋಡಿ ಮೊದಲಾದ ಸ್ಥಳನಾಮಗಳನ್ನು ವ್ಯುತ್ಪತ್ತಿಗಾಗಿ ಮಾತ್ರವಲ್ಲದೆ ನಕ್ಷೆಯ ಮೇಲೆ ಗುರುತಿಸಿ ಓದಿದರೆ, ಅಳಿದುಹೋದ ಕೆರೆಸಾಲುಗಳ ಜಾಡು ಸಿಗುವ ಸಂಭವವಿದೆ. ಪದಗಳ ಅರ್ಥ ಜಾರುತ್ತಿರುವ ವೇಗವೂ ಕಡಿಮೆಯದಲ್ಲ. ‘ರಾಜಕಾಲುವೆ’ ಎಂದರೆ ಕೋಲಾರದ ಹಳ್ಳಿಯಲ್ಲಿ ಒಂದು ಕೆರೆಯಿಂದ ಮತ್ತೊಂದಕ್ಕೆ ನೀರು ತರುವ ಹಿರಿಯ ಕಾಲುವೆ. ಐವತ್ತು ಅರುವತ್ತು ಕಿಲೋಮೀಟರು ಪಶ್ಚಿಮದ ನಗರದಲ್ಲಿ ಅದೇ ಪದ ಇಂದು ಒತ್ತುವರಿಯ ಸುದ್ದಿಗಳಲ್ಲಿ ಬರುವ ಚರಂಡಿ.